ಮೊದಲು ತೂತು, ಆಮೇಲೆ ಬೊಂಬೆ

ಹೋದ ತಿಂಗಳು ಮಗಳು ನನ್ನನ್ನು ಮೈಸೂರಿನ ಒಂದು ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದಳು. ಅವಳು ಚಾಮರಾಜನಗರದಲ್ಲಿ ಹೈಸ್ಕೂಲು ಮೇಡಂ. ಬಡ್ತಿ ಸಿಕ್ಕ ಖುಷಿಗೆ ಅಮ್ಮನಿಗೊಂದು ಊಟ. ಸೂಪು ಬಂತು. ಅದರ ಹಿಂದೆಯೇ ಬಡಿಸುವವನು ಮೊಳದುದ್ದದ ಮರದ ಮೆಣಸಿನ ಗಿರಣಿಯೊಂದನ್ನು ತಂದು, ನನ್ನ ಬಟ್ಟಲಿನ ಮೇಲೆ ಹಿಡಿದು ಕರಕರ ಅಂತ ಎರಡು ಸುತ್ತು ತಿರುಗಿಸಿದ. ಆಗತಾನೇ ಪುಡಿಯಾದ ಮೆಣಸಿನ ಘಾಟು, ಅದರ ಜೊತೆಗೆ ಎಣ್ಣೆ ಕುಡಿದ ಮರದ ವಾಸನೆ. ಅಲ್ಲಿಗೆ ನನ್ನ ಸೂಪು ಮುಗಿಯಿತು. ಅವನ ಕೈಯಿಂದ ಗಿರಣಿ ಇಸಕೊಂಡೆ, ನೆತ್ತಿಯ ತಿರುಪು ಬಿಚ್ಚಿದೆ, ತಲೆ ತೆಗೆದು ತಟ್ಟೆಯ ಪಕ್ಕ ಇಟ್ಟೆ, ಬಾಯಿಯ ಅಂಚಿಗೆ ಬೆರಳು ಹಾಕಿ ಸುತ್ತಲೂ ಸವರಿದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು.

"ಇದರ ತೂತು ವಾರೆ ಓಗ್ಯದ ಕಣಪ್ಪ," ಅಂದೆ ಅವನಿಗೆ.

ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ತುಳಿಯಲಿ. ಇಂಥವು ಇನ್ನೂರಕ್ಕೆ ತೂತು ಕೊರೆದ ಕೈ ಇದು, ಒಂದೂ ವಾರೆ ಹೋಗಿರಲಿಲ್ಲ. ಸೊಕ್ಕಿನ ಮಾತು ಅನ್ನಿಸಿದರೆ ಅನ್ನಿಸಲಿ, ಈ ವಯಸ್ಸಿಗೆ ಇಷ್ಟಾದರೂ ಸೊಕ್ಕು ಇರದಿದ್ದರೆ ಹೇಗೆ. ಊರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಗುಂಡ್ಲುಪೇಟೆಯ ಆ ಒಂದು ಮಳೆಗಾಲವೇ ಓಡುತ್ತಿತ್ತು.

ನನ್ನ ತವರು ಚಾಮರಾಜನಗರ. ಮದುವೆಗೆ ಮುಂಚೆ ಮೂರು ವರ್ಷ ಅಲ್ಲಿನ ಒಂದು ರೇಷ್ಮೆ ಹುರಿ ಕಾರ್ಖಾನೆಯಲ್ಲಿ ದುಡಿದಿದ್ದೆ. ತೊಂಬತ್ತರ ದಶಕ ಶುರುವಾಗಿ ಮೂರ್ನಾಲ್ಕು ವರ್ಷ ಆಗಿತ್ತು, ಗುಂಡ್ಲುಪೇಟೆಯ ನಂಜುಂಡಾಚಾರ್ರ ಮನೆಗೆ ಸೊಸೆಯಾಗಿ ಬಂದೆ. ಊಟಿ ರಸ್ತೆಗೆ ಮುಖ ಮಾಡಿದ ಮನೆ. ಮುಂದೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಲೇತು. ಮಾವ ಮರ ಕಡೆಯುವ ಕೆಲಸದವರು. ಮಂಚದ ಕಾಲು, ತೊಟ್ಟಿಲ ಗೂಟ, ಲಟ್ಟಣಿಗೆ, ಕಡಗೋಲು, ಬುಗುರಿ, ಏನು ಬೇಕಾದರೂ ಅವರ ಕೈಯಲ್ಲಿ ಆಗುತ್ತಿತ್ತು. ನಮ್ಮನೆಯವರು, ಮಾದೇವ, ಅಪ್ಪನ ಕಸುಬಿಗೆ ಕೈ ಹಾಕದೆ ಕರೆಂಟು ಆಫೀಸಿನಲ್ಲಿ ಲೈನ್‌ಮನ್ ಆಗಿದ್ದರು. ಊರಿಗೆಲ್ಲ ಕರೆಂಟು ಕೊಡುವವರ ಮನೆಯಲ್ಲೇ ಲೇತು ಓಡಿಸಲು ಕರೆಂಟಿಲ್ಲ ಅಂತ ಅತ್ತೆ ದಿನಾ ಆಡಿಕೊಳ್ಳುತ್ತಿದ್ದರು.

ಲೇತಿನ ಮುಂದೆ ಮಾವ ನಿಂತರೆ ನನಗೆ ಕಾಲು ಕೀಳಲು ಆಗುತ್ತಿರಲಿಲ್ಲ. ಎರಡು ಮೊನೆಗಳ ನಡುವೆ ಸಿಕ್ಕಿಸಿದ ಒರಟು ತುಂಡು ಗಿರ್ ಅಂತ ಸುತ್ತುತ್ತದೆ, ಉಳಿ ಮುಟ್ಟಿಸಿದ ಕಡೆ ಸಿಪ್ಪೆ ಉದ್ದಕ್ಕೆ ಸುಲಿದು ಬಂದು ಅವರ ಮುಂಗೈ ಮೇಲೆ ಬೀಳುತ್ತದೆ. ಆ ಉಳಿ ನಾನೂ ಹಿಡಿಯಬೇಕು ಅನ್ನುವ ಆಸೆ ನಾನು ಮದುವೆಯಾಗಿ ಬಂದ ತಿಂಗಳಲ್ಲೇ ಹುಟ್ಟಿತ್ತು. ಆದರೆ ಆ ಮನೆಯಲ್ಲಿ ಹೆಂಗಸರಿಗೆ ಶೆಡ್ಡಿನಲ್ಲಿದ್ದ ಕೆಲಸ ಒಂದೇ, ಸಾಯಂಕಾಲ ಸಿಪ್ಪೆ ಗುಡಿಸಿ ಬಚ್ಚಲ ಒಲೆಗೆ ಹಾಕುವುದು. ಲೇತಿನ ಬೆಲ್ಟಿಗೆ ಸೆರಗು ಸಿಕ್ಕೀತು ಅನ್ನುವುದು ಮಾವನ ಕಾರಣ. ಸೆರಗು ಸಿಕ್ಕಿಸಿಕೊಳ್ಳದೆ ಮೂರು ವರ್ಷ ಹುರಿ ಮಿಷನ್ನಿನ ಮಧ್ಯೆ ಓಡಾಡಿದವಳಿಗೆ ಈ ಮಾತು ಹೇಳಿದರೆ ಏನನ್ನಿಸಬೇಡ.

ಅಷ್ಟರಲ್ಲಿ ಮನೆಮನೆಗೂ ಕಬ್ಬಿಣದ ಮಂಚ ಬಂದಿತ್ತು. ಮಾವನ ಮಂಚದ ಕಾಲುಗಳು ಶೆಡ್ಡಿನ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದವು. ಚಾಮರಾಜನಗರದ ಒಬ್ಬರು ಲೇತನ್ನೇ ಕೊಳ್ಳುತ್ತೇವೆ ಅಂತ ಎರಡು ಸಲ ಬಂದು ನೋಡಿಕೊಂಡು ಹೋಗಿದ್ದರು. ಅದು ಹೋದರೆ ಮಾವ ಕಟ್ಟಡದ ಕಡೆ ಸೆಂಟ್ರಿಂಗ್ ಹಲಗೆಗೆ ಮೊಳೆ ಹೊಡೆಯಲು ಹೋಗಬೇಕು. ನನ್ನ ಆಸೆಯೂ ಲೇತಿನ ಜೊತೆಯಲ್ಲೇ ಗಾಡಿ ಹತ್ತಬೇಕು.

ಆಗ ಬಂದವರು ಜೇಕಬ್ ಸಾರು. ವಯನಾಡಿನ ಕಡೆಯವರು, ಊಟಿಯಲ್ಲಿ ಅಂಗಡಿ ಇಟ್ಟಿದ್ದರು. ಟೀ ಕುಡಿಯಲು ಕಾರು ನಿಲ್ಲಿಸಿದವರು ಶೆಡ್ಡಿನಲ್ಲಿ ನೇತುಹಾಕಿದ್ದ ತೊಟ್ಟಿಲ ಗೂಟ ನೋಡಿ ಒಳಗೆ ಬಂದರು. ಕಾರಿನಿಂದ ಒಂದು ಮೆಣಸಿನ ಗಿರಣಿ ತಂದು ತೋರಿಸಿದರು. ಹೊರದೇಶದ್ದು. ಕೈಕಾಲಿಲ್ಲದ ಬೊಂಬೆಯ ಹಾಗೆ ಇತ್ತು, ಸೊಂಟ, ಎದೆ, ದುಂಡನೆ ತಲೆ. ಅತ್ತೆ ಆವತ್ತೇ ಅದಕ್ಕೆ ಮೆಣಸಿನ ಬೊಂಬೆ ಅಂತ ಹೆಸರಿಟ್ಟರು. ಒಳಗೆ ಉದ್ದಕ್ಕೂ ತೂತು, ತೂತಿನಲ್ಲಿ ಒಂದು ಕಂಬಿ, ಬುಡದಲ್ಲಿ ಉಕ್ಕಿನ ಹಲ್ಲು. ತಲೆ ತಿರುಗಿಸಿದರೆ ಕಂಬಿ ತಿರುಗುತ್ತದೆ, ಹಲ್ಲು ಮೆಣಸನ್ನು ಅರೆದು ಕೆಳಗೆ ಉದುರಿಸುತ್ತದೆ. ಕಂಬಿ ಮತ್ತು ಹಲ್ಲು ಅವರೇ ಕೊಡುತ್ತಾರಂತೆ, ಮರದ ಕೆಲಸ ಮಾತ್ರ ನಮ್ಮದು. ಗೌರಿ ಹಬ್ಬದೊಳಗೆ ಆರು ಮಾದರಿ ಮಾಡಿ ತೋರಿಸಿ, ಸರಿ ಬಂದರೆ ದಸರಾ ಜನ ಊಟಿಗೆ ಬರುವ ಮುಂಚೆ ಇನ್ನೂರು ಬೇಕು ಅಂದರು. ಮಾವ ಆ ಬೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲೇನಿದೆ, ಮಾಡ್ಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟರು.

ಮರ ಸಿಕ್ಕಿದ್ದು ಕುದೇರು ಅನ್ನುವ ಊರಿನಲ್ಲಿ. ಒಬ್ಬ ಯಜಮಾನರು ಹಳೇ ಮನೆ ಕೆಡವಿಸುತ್ತಿದ್ದರು, ಹಲಸಿನ ತೊಲೆಗಳನ್ನು ಹಳೇ ಮನೆಯವು ಅಂತ ಚೀಟಿ ಬರೆದು ಕೊಟ್ಟರು. ಅಷ್ಟು ವರ್ಷ ಸೂರಿನ ಕೆಳಗೆ ಒಣಗಿದ ಮರ, ಇನ್ನು ಬಿರಿಯುವ ಭಯವಿಲ್ಲ. ಮಾವ ಮೊದಲ ತುಂಡನ್ನು ಲೇತಿಗೆ ಹಾಕಿ ಕಡೆದರು ನೋಡಿ, ಜೇಕಬ್ ಸಾರು ತಂದ ಬೊಂಬೆ ಅದರ ಮುಂದೆ ಏನೂ ಅಲ್ಲ. ಅರಿಶಿನದ ಬಣ್ಣ, ನುಣುಪು, ತಿದ್ದಿದ ಸೊಂಟ. ಆಮೇಲೆ ತೂತು ಹಾಕಲು ಹೋದರು. ತೂತು ಕೊರೆಯುವ ಉದ್ದನೆಯ ಒಂದಿಂಚಿನ ಡ್ರಿಲ್ ಬಿಟ್ಟನ್ನು ಲೇತಿನ ಎದುರು ತುದಿಗೆ ಸಿಕ್ಕಿಸಿ, ಹಿಡಿಚಕ್ರ ತಿರುಗಿಸಿ ಒತ್ತುತ್ತ ಬಂದರು. ಅರ್ಧ ದಾರಿಯಲ್ಲಿ ಹೊಗೆ ಬಂತು. ಇನ್ನಷ್ಟು ಒತ್ತಿದಾಗ ಬಿಟ್ಟಿನ ಮೂತಿ ಬೊಂಬೆಯ ಸೊಂಟ ಹರಿದುಕೊಂಡು ಆಚೆ ಬಂತು.

ಎರಡನೆಯದೂ ಹಾಗೇ. ಹತ್ತನೆಯದೂ ಹಾಗೇ. ಮೆತ್ತನೆಯ ಎಳೆ ಸಿಕ್ಕ ಕಡೆಗೆ ಬಿಟ್ಟು ಜಾರುತ್ತಿತ್ತು. ಕೈ ಬೈರಿಗೆಯಲ್ಲಿ ಕೊರೆದು ನೋಡಿದರು, ಅದು ಇನ್ನೂ ವಾರೆ. ಹಾಗೂ ಹೀಗೂ ಒಂದೆರಡು ಆಚೆಗೆ ಹರಿಯದೆ ಉಳಿದರೆ, ಕಂಬಿ ಓರೆಯಾಗಿ ನಿಂತು ತಲೆ ಓಲಾಡುತ್ತಿತ್ತು. ನಲವತ್ತು ವರ್ಷ ಮರ ಕಡೆದ ಮನುಷ್ಯ ಸಾಯಂಕಾಲ ತಲೆ ಮೇಲೆ ಟವಲು ಹಾಕಿಕೊಂಡು ಜಗಲಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ನಾನು ಗುಡಿಸುವ ಸಿಪ್ಪೆಯಲ್ಲಿ ಹೊಟ್ಟೆ ಒಡೆದ ಬೊಂಬೆಗಳು ಸಿಗುತ್ತಿದ್ದವು. ಅವನ್ನು ಒಲೆಗೆ ಹಾಕಲು ನನಗೆ ಸಂಕಟವಾಗುತ್ತಿತ್ತು.

ನನಗೆ ಕಾರ್ಖಾನೆಯ ಒಂದು ವಿಷಯ ನೆನಪಿಗೆ ಬಂದಿದ್ದು ಆ ದಿನಗಳಲ್ಲೇ. ಹುರಿ ಮಿಷನ್ನಿನಲ್ಲಿ ಮರದ ರೀಲುಗಳು ಕಂಬಿಯ ಮೇಲೆ ಕೂತು ಸುತ್ತುತ್ತವೆ. ತೂತು ನಡುಮಧ್ಯೆ ಇಲ್ಲದ ರೀಲು ಕುಣಿಯುತ್ತದೆ, ಕುಣಿದರೆ ಎಳೆ ಹರಿಯುತ್ತದೆ, ಎಳೆ ಹರಿದರೆ ನಮಗೆ ಬೈಗುಳ. ಅಲ್ಲೊಬ್ಬ ಮುದುಕ ಫಿಟ್ಟರ್ ಇದ್ದ. ಕುಣಿಯುವ ರೀಲುಗಳನ್ನು ಅವನ ಹತ್ತಿರ ತೆಗೆದುಕೊಂಡು ಹೋದರೆ ಅವನು ತೂತಿನ ತಂಟೆಗೇ ಹೋಗುತ್ತಿರಲಿಲ್ಲ. ರೀಲನ್ನು ಅದರ ತೂತಿನ ಮೇಲೇ ಕೂರಿಸಿ ಸುತ್ತಿಸುತ್ತಿದ್ದ, ಹೊರಮೈಗೆ ಉಳಿ ಹಿಡಿದು ಉಬ್ಬಿದ್ದನ್ನೆಲ್ಲ ಹೆರೆದುಬಿಡುತ್ತಿದ್ದ. ಕುಣಿತ ನಿಲ್ಲುತ್ತಿತ್ತು. ತೂತು ಎಲ್ಲಿದೆಯೋ ಅದೇ ನಡುಮಧ್ಯೆ ಅಂತ ಇಟ್ಟುಕೊಂಡು ಮರವನ್ನು ಅದಕ್ಕೆ ಸರಿಮಾಡುವುದು ಅವನ ಲೆಕ್ಕ.

ಅದನ್ನೇ ಮಾವನಿಗೆ ಹೇಳಿದೆ. ಊಟ ಬಡಿಸುವಾಗ ಹೇಳಿದ್ದು ತಪ್ಪಾಯಿತೋ ಏನೋ. ಮೊದಲು ಒರಟು ತುಂಡಿಗೇ ತೂತು ಹಾಕಿ, ಆಮೇಲೆ ಹೊರಗೆ ಕಡೆದರೆ ಆಗಲ್ವಾ ಮಾವ ಅಂದೆ. ಅವರ ಕಸುಬಿನಲ್ಲಿ ಅದು ತಲೆಕೆಳಗು. ಗೂಟವಾಗಲಿ ಕಾಲಾಗಲಿ ಮೊದಲು ರೂಪ, ಆಮೇಲೆ ತೂತು. ಅವರ ಅಪ್ಪ, ತಾತ ಎಲ್ಲ ಹಾಗೇ ಮಾಡಿದ್ದು. ಮಾವ ತುತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಒಟ್ಟೆ ಒಳಗಿರೋ ಕೂಸಿಗೆ ಕಿವಿ ಚುಚ್ಚು ಅಂತೀಯಲ್ಲವ್ವ," ಅಂದರು.

ನಮ್ಮನೆಯವರು ನಕ್ಕರು, ಅತ್ತೆ ನಕ್ಕರು, ನಾನು ಮುದ್ದೆ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಆವತ್ತಿನ ನನ್ನ ಸಿಟ್ಟಿಗೆ ಒಲೆ ಇಲ್ಲದೆಯೂ ಅನ್ನ ಬೇಯುತ್ತಿತ್ತು.

ಗೌರಿ ಹಬ್ಬಕ್ಕೆ ಮೂರು ದಿನ ಮುಂಚೆ ಅಮಾವಾಸ್ಯೆ. ಆ ಸಲ ಅದು ಶ್ರಾವಣದ ಕಡೇ ಶನಿವಾರವೇ ಬಿದ್ದಿತ್ತು. ಅಮಾವಾಸ್ಯೆ ದಿನ ನಮ್ಮವರು ಉಳಿ ಮುಟ್ಟುವುದಿಲ್ಲ, ಲೇತು ಓಡಿಸುವುದಿಲ್ಲ. ಎಂಥ ಅವಸರದ ಕೆಲಸವಿದ್ದರೂ ಸರಿ. ಮಾವ ಹಿಂದಿನ ದಿನವೇ ಸೋತ ದನಿಯಲ್ಲಿ ಹೇಳಿಬಿಟ್ಟಿದ್ದರು, ಬೆಟ್ಟಕ್ಕೆ ಹೋಗಿ ಗೋಪಾಲಸ್ವಾಮಿಗೆ ಕೈಮುಗಿದು ಬರ್ತೀನಿ, ಹಬ್ಬ ಕಳೆದ ಮೇಲೆ ಲೇತು ಕೊಟ್ಟುಬಿಡನ ಅಂತ. ಬೆಳಿಗ್ಗೆ ಜೀಪು ಬಂತು. ಮಾವ, ಅತ್ತೆ, ನಮ್ಮನೆಯವರು ಹತ್ತಿದರು. ನಾನು ಹೊರಗಾಗಿ ಎರಡನೇ ದಿನ, ಬೆಟ್ಟ ಹತ್ತುವ ಹಾಗಿರಲಿಲ್ಲ. ಅಡಿಗೆಮನೆಗೂ ಹೋಗುವ ಹಾಗಿರಲಿಲ್ಲ. ಗಂಡಸರಿಗೆ ಮಾತ್ರ ಅತ್ತೆ, ಮನೆ ಕಾಯಲು ಒಬ್ಬರು ಬೇಕು ಅಂತ ಹೇಳಿದ್ದರು. ಇಡೀ ದಿನ ನನ್ನದು.

ಜೀಪು ತಿರುವು ದಾಟಿದ ಕೂಡಲೇ ಸೆರಗು ಸೊಂಟಕ್ಕೆ ಬಿಗಿದು ಶೆಡ್ಡಿಗೆ ನುಗ್ಗಿದೆ. ಅಮಾವಾಸ್ಯೆ, ಅದರ ಮೇಲೆ ಮುಟ್ಟು, ಅದರ ಮೇಲೆ ಹೆಂಗಸು. ಮೂರು ತಪ್ಪನ್ನೂ ಒಂದೇ ದಿನ ಮಾಡುತ್ತಿದ್ದೀನಿ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹಬ್ಬ ಕಳೆದರೆ ಲೇತೇ ಇರುವುದಿಲ್ಲ, ಆಮೇಲೆ ಯಾವ ತಪ್ಪು ಮಾಡಲು ಸಾಧ್ಯ. ಪಕ್ಕದ ಹಿಟ್ಟಿನ ಮಿಲ್ಲಿನಲ್ಲಿ ಹಬ್ಬದ ಅಕ್ಕಿ ಹಿಟ್ಟು ಮಾಡಿಸಲು ಜನ ಸಾಲುಗಟ್ಟಿದ್ದರು. ಆ ಮಿಷನ್ನಿನ ಸದ್ದಿನಲ್ಲಿ ನನ್ನ ಲೇತಿನ ಸದ್ದು ಯಾರ ಕಿವಿಗೂ ಬೀಳುವ ಹಾಗಿರಲಿಲ್ಲ.

ಮೊದಲ ತುಂಡು ಸರಿಯಾಗಿ ಕಚ್ಚಿಸದೆ ಹಾರಿ ಹೋಗಿ ತಗಡಿಗೆ ಬಡಿಯಿತು. ಎರಡನೆಯದಕ್ಕೆ ನಾನೂ ಮಾವನ ಹಾಗೇ ಒಂದೇ ಸಮ ಒತ್ತಿದೆ, ಹೊಗೆ ಬಂತು, ಬಿಟ್ಟು ಜಾರಿತು. ಕೂತು ಯೋಚನೆ ಮಾಡಿದೆ. ಬೆಲ್ಟನ್ನು ದೊಡ್ಡ ಚಕ್ರಕ್ಕೆ ಹಾಕಿ ವೇಗ ಇಳಿಸಿದೆ. ಬೆರಳಗಲ ಕೊರೆಯುವುದು, ಬಿಟ್ಟು ಹೊರಗೆಳೆದು ಪುಡಿ ಕೊಡವುವುದು, ಮತ್ತೆ ಬೆರಳಗಲ. ಮಗುವಿಗೆ ತುತ್ತು ತಿನ್ನಿಸಿದ ಹಾಗೆ, ನುಂಗಿದ ಮೇಲೆ ಇನ್ನೊಂದು. ಹೊಗೆ ನಿಂತಿತು. ಅರ್ಧದವರೆಗೆ ಒಂದು ಕಡೆಯಿಂದ ಕೊರೆದು, ತುಂಡನ್ನು ತಿರುಗಿಸಿ ಸಿಕ್ಕಿಸಿ ಇನ್ನರ್ಧ ಶುರು ಮಾಡಿದೆ. ಆಗ ಕರೆಂಟು ಹೋಯಿತು.

ಬಿಟ್ಟು ಮರದೊಳಗೆ ಕಚ್ಚಿಕೊಂಡು ನಿಂತಿದೆ. ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಪಕ್ಕದ ಮಿಲ್ಲೂ ನಿಂತು, ಹಿಟ್ಟಿಗೆ ಬಂದವರ ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಕರೆಂಟಿಗೆ ಶಾಪ ಹಾಕುತ್ತಿದ್ದರು, ಅಂದರೆ ನಮ್ಮನೆಯವರಿಗೆ. ನಾನೂ ಹಾಕಿದೆ. ಅವರೆಲ್ಲ ಜೀಪಿನಿಂದ ಇಳಿದು ಬಂದು ಇದನ್ನು ನೋಡಿದರೆ ಏನು ಗತಿ ಅಂತ ಬಾಗಿಲಿಗೆ ಹೋಗಿ ಹೋಗಿ ರಸ್ತೆ ಇಣುಕಿದೆ. ಹೊರಗೆ ಸೋನೆ ಮಳೆ ಹಿಡಿದುಕೊಂಡಿತು. ಎಷ್ಟೋ ಹೊತ್ತಿನ ಮೇಲೆ ಕರೆಂಟು ಬಂತು, ಮಿಲ್ಲು ಶುರುವಾಯಿತು, ಬಿಟ್ಟೂ ಬಿಡಿಸಿಕೊಂಡಿತು. ಇನ್ನು ನಾಲ್ಕು ತುತ್ತಿಗೆ ಎರಡೂ ಕಡೆಯ ತೂತುಗಳು ಒಳಗೆ ಸೇರಿಕೊಂಡವು.

ಆಮೇಲೆ ಫಿಟ್ಟರ್ ಮುದುಕನ ಕೆಲಸ. ಎರಡು ಮೊಂಡು ಬೆಣೆ ದುಂಡಗೆ ಕಡೆದು ತೂತಿನ ಎರಡೂ ಬಾಯಿಗೆ ಕೂರಿಸಿದೆ. ಆ ಬೆಣೆಗಳನ್ನೇ ಲೇತಿನ ಮೊನೆಗಳಿಗೆ ಕೊಟ್ಟೆ. ಲೇತು ಹಾಕಿದಾಗ ತುಂಡು ಹುಚ್ಚು ಹಿಡಿದಂತೆ ಕುಣಿಯಿತು, ಯಾಕೆಂದರೆ ತೂತು ತುಂಡಿನ ನಡುಮಧ್ಯೆ ಇರಲಿಲ್ಲ. ಕುಣಿಯಲಿ. ಉಳಿ ಹಿಡಿದೆ. ಉಬ್ಬಿದ್ದೆಲ್ಲ ಹೆರೆದು ಹೋಗುತ್ತ ಹೋಗುತ್ತ ಮರ ಶಾಂತವಾಯಿತು. ನಾನು ಕಡೆದ ಬೊಂಬೆಗೆ ಸೊಂಟ ಸರಿಯಾಗಿ ಬಂದಿರಲಿಲ್ಲ, ಒಂದು ತರಹ ಸೋರೆಕಾಯಿ ಆಗಿತ್ತು. ಆದರೆ ಕಂಬಿ ಹಾಕಿ ತಲೆ ಕೂರಿಸಿ ತಿರುಗಿಸಿದೆ ನೋಡಿ, ಒಂದಿಷ್ಟೂ ಓಲಾಡದೆ ಸುತ್ತಿತು. ಅಡಿಗೆಮನೆಯಿಂದ ಮೆಣಸು ತರುವ ಹಾಗಿರಲಿಲ್ಲ, ಮಿಲ್ಲಿಗೆ ಸಾರಿನಪುಡಿ ಮಾಡಿಸಲು ಬಂದಿದ್ದ ಒಬ್ಬ ಅಕ್ಕನ ಹತ್ತಿರ ನಾಲ್ಕು ಕಾಳು ಇಸಕೊಂಡು ಬಂದು ಹಾಕಿದೆ. ಕರಕರ ಅಂತು. ಅಂಗೈ ಮೇಲೆ ಪುಡಿ ಬಿತ್ತು. ನಾನು ಒಬ್ಬಳೇ ಶೆಡ್ಡಿನಲ್ಲಿ ನಿಂತು ಸೀನುತ್ತ ನಕ್ಕೆ, ನಗುತ್ತಲೇ ಕಣ್ಣೀರು ಒರೆಸಿಕೊಂಡೆ.

ಸಾಯಂಕಾಲ ಜೀಪು ಬಂತು. ನಾನು ಸಿಪ್ಪೆ ಗುಡಿಸಿ ಎಲ್ಲ ಮೊದಲಿನ ಹಾಗೇ ಇಟ್ಟಿದ್ದೆ. ಮಾವ ಶೆಡ್ಡಿನೊಳಗೆ ಬಂದವರು ಮೂಗು ಅರಳಿಸಿ, ನೇರ ಹೋಗಿ ಮೋಟರಿನ ಮೇಲೆ ಕೈ ಇಟ್ಟರು. ಬೆಚ್ಚಗಿತ್ತು. ನಾನು ಬೊಂಬೆ ತಂದು ಜಗಲಿಯ ಮೇಲೆ ಇಟ್ಟೆ. ಅವರು ಅದನ್ನು ನೋಡಿದರು, ಮುಟ್ಟಲಿಲ್ಲ. ಅಮಾವಾಸ್ಯೆಯಲ್ಲವೇ. ಅತ್ತೆ ನನ್ನನ್ನು ಹಿತ್ತಲಿಗೆ ಕರೆದು, ಅಮಾಸೆಯ ತಪ್ಪು ಎಲ್ಲರಿಗೂ ಗೊತ್ತಾಯಿತು, ಇನ್ನೊಂದು, ಮುಟ್ಟಿನದು, ನನ್ನ ಹೊಟ್ಟೆಯಲ್ಲೇ ಇರುತ್ತದೆ, ನೀನೂ ಬಾಯಿ ಬಿಡಬೇಡ ಅಂತ ಪಿಸುಗುಟ್ಟಿದರು. ಅವರು ಬದುಕಿರುವವರೆಗೂ ಬಿಡಲಿಲ್ಲ. ಈಗ ನಾನೇ ಬಿಟ್ಟಿದ್ದೀನಿ.

ಬೆಳಿಗ್ಗೆ ಎದ್ದು ಸ್ನಾನ ಮಾಡಿ ಮಾವ ಬೊಂಬೆ ಕೈಗೆ ತೆಗೆದುಕೊಂಡರು. ಕಂಬಿ, ಹಲ್ಲು ಬಿಚ್ಚಿ, ತೂತಿಗೆ ಕಣ್ಣಿಟ್ಟು ಆಕಾಶ ನೋಡಿದರು. ಆಮೇಲೆ ಗರಗಸ ತೆಗೆದರು. ನನಗೆ ಅರ್ಥವಾಗುವ ಮುಂಚೆ ಬೊಂಬೆಯನ್ನು ಉದ್ದಕ್ಕೆ ಎರಡು ಹೋಳು ಮಾಡತೊಡಗಿದರು. ನನ್ನ ಮೊದಲ ಬೊಂಬೆ. ಬೇಕಂತಲೇ ಮಾಡುತ್ತಿದ್ದಾರೆ ಅಂದುಕೊಂಡೆ. ಹೋಳುಗಳನ್ನು ಬಿಸಿಲಿಗೆ ಹಿಡಿದು, ತೂತಿನ ಆ ಕಡೆಯ ಗೋಡೆ, ಈ ಕಡೆಯ ಗೋಡೆ, ಮೇಲೆ, ಕೆಳಗೆ ಎಲ್ಲ ಕಡ್ಡಿ ಇಟ್ಟು ಅಳೆದರು. ಎಲ್ಲ ಕಡೆಯೂ ಒಂದೇ ದಪ್ಪ. ಎರಡು ಹೋಳನ್ನೂ ಜೋಡಿಸಿ ನನ್ನ ಮುಂದೆ ಇಟ್ಟರು.

"ಒಟ್ಟೇಲೇ ಕಿವಿ ಚುಚ್ಚಿ ಎತ್ತುಬುಟ್ಟೆ ಕಣವ್ವ ನೀನು," ಅಂದರು ಕೊನೆಗೆ. "ಇನ್ನೊಂದು ಕೊರಿ. ನಾನು ನೋಡ್ಕತೀನಿ."

ಗೌರಿ ಹಬ್ಬದೊಳಗೆ ಆರೂ ಆದವು. ತೂತು ನನ್ನದು, ಹೊರಗಿನ ರೂಪ ಮಾವನದು. ಅವರ ಸೊಂಟದ ಮುಂದೆ ನನ್ನ ಸೋರೆಕಾಯಿ ನಡೆಯುತ್ತದೆಯೇ. ಜೇಕಬ್ ಸಾರು ಬಂದು ಒಂದೊಂದನ್ನೂ ತಿರುಗಿಸಿ ನೋಡಿ ಇನ್ನೂರೂ ನಿಮ್ಮದೇ ಅಂದರು. ಇಷ್ಟು ನೇರ ತೂತು ಹೇಗೆ ಹಾಕಿದಿರಿ ಅಂತ ಕೇಳಿದರು. ನಾನು ಬಾಗಿಲ ಹಿಂದೆ ಕಿವಿ ನೆಟ್ಟು ನಿಂತಿದ್ದೆ. ಮಾವ, ಏನೋ ಮನೆಯವರೆಲ್ಲ ಸೇರಿ ಮಾಡಿದ್ದು ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಲೇತು ಉಳಿಯಿತು, ಅದು ಸರಿ. ಆದರೆ ಲೇತಿನ ಮುಂದೆ ನಿಂತವಳು ನಾನು ಅಂತ ನಾಲ್ಕು ಜನರ ಮುಂದೆ ಹೇಳಲು ಮಾವನಿಗೆ ಬಾಯಿ ಬರಲಿಲ್ಲವಲ್ಲ.

ಅದು ಸಾಲದು ಅಂತ ಮಾರನೇ ದಿನ ಶೆಡ್ಡಿನ ಬಾಗಿಲಿಗೆ ಗೋಣಿ ಪರದೆ ಕಟ್ಟಿದರು. ಸೊಸೆಯನ್ನು ಮಿಷನ್ನಿಗೆ ಹಚ್ಚಿದ್ದಾನೆ ಅಂತ ರಸ್ತೆಯ ಜನ ಆಡಿಕೊಳ್ಳಬಾರದು ಅಂತ. ಆ ಪರದೆಯ ಹಿಂದೆ ಒಂದು ತಿಂಗಳ ಮೇಲೆ ದುಡಿದೆ. ಆ ವರ್ಷ ಮಳೆ ಬಿಡದೆ ಸುರಿಯಿತು, ತಗಡಿನ ಮೇಲೆ ಅದರ ಸದ್ದು, ಕೆಳಗೆ ಲೇತಿನ ಸದ್ದು, ನಡುವೆ ಮಾವ ಕೂಗಿ ಹೇಳಿದ್ದು ನನಗೆ ಕೇಳದೆ, ನಾನು ಕೂಗಿ ಹೇಳಿದ್ದು ಅವರಿಗೆ ಕೇಳದೆ, ಇಬ್ಬರೂ ಕೈಸನ್ನೆಯಲ್ಲೇ ಜಗಳವಾಡುತ್ತಿದ್ದೆವು. ಕರೆಂಟು ಯಾವ ಹೊತ್ತಿಗೆ ಬರುತ್ತದೆ ಅಂತ ನಮ್ಮನೆಯವರು ಮುಂಚೆಯೇ ತಿಳಿಸುತ್ತಿದ್ದರು. ಅವರ ನೌಕರಿಯಿಂದ ಮನೆಗಾದ ಉಪಕಾರ ಅದೊಂದೇ ಅಂತ ಅತ್ತೆಯ ಮಾತು. ಹಳೇ ತೊಲೆಯೊಳಗೆ ಹುದುಗಿದ್ದ ಮೊಳೆಗೆ ಒಂದು ಬಿಟ್ಟು ಬಲಿಯಾದ ಮೇಲೆ, ಅವರೇ ಕೆಟ್ಟ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು ತಂದುಕೊಟ್ಟರು. ಪ್ರತಿ ತುಂಡಿನ ಮೇಲೂ ಅದನ್ನು ಆಡಿಸಿ ನೋಡಿಯೇ ಲೇತಿಗೆ ಹಾಕುತ್ತಿದ್ದೆ.

ಆ ದಿನಗಳಲ್ಲಿ ಮಾವ ನನಗೆ ಉಳಿ ಹಿಡಿಯುವುದನ್ನೂ ಕಲಿಸಿದರು. ಕಲಿಸಿದರು ಅಂದರೆ, ಹೇಳಿಕೊಟ್ಟಿದ್ದೇನೂ ಇಲ್ಲ. ನನ್ನ ಮೊಣಕೈಯನ್ನು ಉಳಿಯ ಹಿಡಿಯಿಂದ ತಟ್ಟಿ ಮೈಗೆ ಅಂಟಿಸುವುದು, ಅಷ್ಟೇ. ನೂರು ದಾಟುವ ಹೊತ್ತಿಗೆ ನನ್ನ ಸೋರೆಕಾಯಿಗೂ ಸೊಂಟ ಬಂತು. ಬಿಟ್ಟು ಒಳಗೆ ಹೋಗುವಾಗ ಸದ್ದು ಬದಲಾಗುವುದರಲ್ಲೇ ಎಷ್ಟು ಆಳ ಹೋಗಿದೆ ಅಂತ ಹೇಳುವಷ್ಟು ಕಿವಿ ಪಳಗಿತು. ಹಲಸಿನ ಹಳದಿ ಪುಡಿ ತಲೆಗೂದಲು, ರವಿಕೆ, ಊಟದ ತಟ್ಟೆ ಎಲ್ಲ ಕಡೆ ಇರುತ್ತಿತ್ತು. ಜೀವನದಲ್ಲಿ ಅಷ್ಟು ಸುಖವಾಗಿ ನಾನು ಇನ್ನೆಂದೂ ಇರಲಿಲ್ಲ. ಒಳಗೊಳಗೆ ಆ ಪರದೆಯೊಂದು ಚುಚ್ಚುತ್ತಿತ್ತು.

ಆಯುಧ ಪೂಜೆಗೆ ಎರಡು ದಿನ ಇದೆ ಅನ್ನುವಾಗ ಇನ್ನೂರೂ ಮುಗಿದವು. ರಾಗಿ ಹುಲ್ಲು ಹಾಕಿ ಗೋಣಿಚೀಲದಲ್ಲಿ ಮೂಟೆ ಕಟ್ಟಿದೆವು. ಕೊನೆಯ ಮೂಟೆಗೆ ಗೋಣಿ ಸಾಲಲಿಲ್ಲ. ಮಾವ ಆ ಕಡೆ ಈ ಕಡೆ ನೋಡಿದರು, ಎದ್ದು ಹೋಗಿ ಬಾಗಿಲಿನ ಪರದೆಯನ್ನೇ ಬಿಚ್ಚಿ ತಂದು ಕಟ್ಟಿದರು. ನಾನು ಅವರ ಮುಖ ನೋಡಿದೆ, ಅವರು ಹಗ್ಗ ಬಿಗಿಯುತ್ತಿದ್ದರು.

ಬೆಳಿಗ್ಗೆ ಊಟಿ ಬಸ್ಸಿಗೆ ಮೂಟೆ ಏರಿಸಿ ಮಾವ, ನಾನು ಇಬ್ಬರೂ ಹೊರಟೆವು. ಅದು ಕಾಡಿನ ಕಡೆ ಮರ ಸಾಗಿಸುವುದಕ್ಕೆ ಬಹಳ ಬಿಗಿಯಿದ್ದ ಕಾಲ. ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ಗಾರ್ಡು ಮೂಟೆ ಬಿಚ್ಚಿಸಿದ. ಕುದೇರಿನ ಚೀಟಿ ಓದಿದ, ಹಳೇ ತೊಲೆ ಅನ್ನುವುದನ್ನು ಒಪ್ಪಿದ. ಆದರೆ ಇವೇನು ಸಾಮಾನು, ಯಾತಕ್ಕೆ ಬರುತ್ತದೆ ಅನ್ನುವುದು ಅವನಿಗೆ ಬಗೆಹರಿಯಲಿಲ್ಲ. ಮಾವನಿಗೆ ಖಾಕಿ ಕಂಡರೆ ನಾಲಿಗೆ ತೊದಲುತ್ತಿತ್ತು. ಬಸ್ಸಿನವನು ಹಾರನ್ನು ಹೊಡೆಯುತ್ತಿದ್ದ. ಗಾರ್ಡಿನ ಮೇಜಿನ ಮೇಲೆ ಹೆಚ್ಚಿದ ಸೌತೆಕಾಯಿ ಇತ್ತು. ನಾನು ಸೊಂಟದ ಚೀಲದಿಂದ ಮೆಣಸು ತೆಗೆದೆ, ಒಂದು ಬೊಂಬೆಗೆ ತುಂಬಿದೆ, ಅವನು ಬೇಡ ಅನ್ನುವುದರೊಳಗೆ ಸೌತೆಕಾಯಿ ಮೇಲೆ ಕರಕರ ತಿರುಗಿಸಿದೆ. ಘಾಟಿಗೆ ಅವನು ನಾಲ್ಕು ಸಲ ಸೀನಿದ. ಒಂದು ಹೋಳು ಬಾಯಿಗೆ ಹಾಕಿಕೊಂಡ. ಇನ್ನೊಂದು ಹಾಕಿಕೊಂಡ. ಆಮೇಲೆ ತಾನೇ ಮೂಟೆ ಕಟ್ಟಿಕೊಟ್ಟ. ಬಸ್ಸಿನ ಜನವೆಲ್ಲ ನಗುತ್ತಿದ್ದರು, ಮಾವನೂ ನಕ್ಕರು.

ಊಟಿಯ ಅಂಗಡಿಯಲ್ಲಿ ಜೇಕಬ್ ಸಾರು ಇನ್ನೂರನ್ನೂ ಒಂದೊಂದಾಗಿ ತಿರುಗಿಸಿ ನೋಡಿದರು. ಒಂದನ್ನೂ ಆಚೆ ಇಡಲಿಲ್ಲ. ನೋಡಿ ಮುಗಿಸಿ, ಇಂಥ ತೂತು ನಾನು ಎಲ್ಲೂ ನೋಡಿಲ್ಲ ಆಚಾರ್ರೇ ಅಂತ ಮಾವನ ಕೈ ಹಿಡಿದು ಕುಲುಕಿದರು. ಮಾವ ನೆಲ ನೋಡುತ್ತ ನಿಂತರು. ಹಿಂತಿರುಗುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ, ಗುಂಡ್ಲುಪೇಟೆ ಬರುವವರೆಗೂ ಅವರ ಕಡೆ ತಿರುಗಲಿಲ್ಲ.

ಆಯುಧ ಪೂಜೆಯ ದಿನ ಮಳೆ ಹೊಳವಾಗಿತ್ತು. ಶೆಡ್ಡಿನ ಬಾಗಿಲಿಗೆ ಪರದೆ ಇರಲಿಲ್ಲ, ಮಾವಿನ ತೋರಣ ಇತ್ತು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ದುಡಿಯುವವರು ಅವರವರ ಆಯುಧವನ್ನು ಅವರೇ ತೊಳೆದು, ಅವರೇ ಲೇತಿನ ಮುಂದೆ ಇಟ್ಟು ಕುಂಕುಮ ಹಚ್ಚಬೇಕು. ಇನ್ನೊಬ್ಬರ ಆಯುಧ ಇಡುವ ಹಾಗಿಲ್ಲ. ಹೆಂಗಸರ ಈಳಿಗೆಮಣೆ, ಒರಳು ಏನಿದ್ದರೂ ಅಡಿಗೆಮನೆಯಲ್ಲೇ. ಆವತ್ತು ಮಿಲ್ಲಿನವರು, ಊರಿನ ಬೇರೆ ಆಚಾರ್ರು, ಅವರ ಮನೆಯ ಹೆಂಗಸರು ಎಲ್ಲ ಬಂದಿದ್ದರು. ಮಾವ ತಮ್ಮ ಉಳಿಗಳನ್ನು ಸಾಲಾಗಿ ಇಟ್ಟರು. ನಮ್ಮನೆಯವರು ಕಟಿಂಗ್ ಪ್ಲೇಯರ್ ಇಟ್ಟರು. ನಾನು ಹೂವಿನ ಬುಟ್ಟಿ ಹಿಡಿದು ಹೆಂಗಸರ ಸಾಲಿನಲ್ಲಿ ನಿಂತಿದ್ದೆ.

ಮಾವ ಕರ್ಪೂರ ಹಚ್ಚಲು ಕಡ್ಡಿ ಗೀರಿದವರು ಅದನ್ನು ಊದಿ ಆರಿಸಿಬಿಟ್ಟರು. ಉಳಿಗಳ ಸಾಲಿನ ಪಕ್ಕ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದು ನನಗೆ ಆಗ ಕಂಡಿತು.

"ಅಲ್ಲಿ ಯಾಕವ್ವ ನಿಂತಿದ್ದೀ ರತ್ನ," ಅಂದರು, ಎಲ್ಲರಿಗೂ ಕೇಳುವ ಹಾಗೆ. "ಆ ಬಿಟ್ಟು ತಕ್ಕಂಡು ಬಾ. ಅದುನ್ನ ನಾನು ಮಡಗಂಗಿಲ್ಲ. ಇನ್ನೂರು ಕೊರೆದೋಳು ನೀನು, ನೀನೇ ಮಡಗ್ಬೇಕು."

ಬುಟ್ಟಿಯನ್ನು ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. ಅತ್ತೆ ಪಕ್ಕಕ್ಕೆ ಸರಿದು ಕಿವಿಯಲ್ಲಿ, ಈ ಸಲ ಒಳಗಿದ್ದೀ ತಾನೇ ಅಂತ ಕೇಳಿದರು. ಒಳಗಿದ್ದೀನಿ ಅತ್ತೆ ಅಂದೆ. ಒಂದಿಂಚಿನ ಬಿಟ್ಟನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಮಾವನ ಉಳಿಗಳ ಪಕ್ಕದ ಆ ಜಾಗದಲ್ಲಿ ಇಟ್ಟೆ. ಕುಂಕುಮ ಹಚ್ಚುವಾಗ ಕಣ್ಣು ಮಂಜಾಗಿ ಬೊಟ್ಟು ಬಿಟ್ಟಿನ ತುದಿಗೆ ಬೀಳದೆ ನಡುವಿಗೆ ಬಿತ್ತು. ಇರಲಿ ಬುಡು ಅಂದರು ಮಾವ.

ಪೂಜೆಯಾದ ಮೇಲೆ ಲೇತಿನ ಕೆಳಗೆ ನಿಂಬೆಹಣ್ಣು ಒಡೆದು, ಒಂದು ಸಲ ಬರೀ ಓಡಿಸಿ ನಿಲ್ಲಿಸಬೇಕು. ಅಷ್ಟು ವರ್ಷವೂ ಅದನ್ನು ಮಾಡುತ್ತಿದ್ದವರು ಮಾವ. ಆವತ್ತು ಅವರು ಪಕ್ಕಕ್ಕೆ ಸರಿದು ನಿಂತು ನನಗೆ ಜಾಗ ಬಿಟ್ಟರು. ಬಾಗಿಲಾಚೆ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ನೋಡುತ್ತಿದ್ದರು. ನೋಡಲಿ ಅಂದುಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದೇವರನ್ನು ನೆನೆದು, ನಮ್ಮನೆಯವರ ಕಡೆ ಒಂದು ಸಲ ನೋಡಿ ಸ್ವಿಚ್ಚು ಒತ್ತಿದೆ.

ಕರೆಂಟಿತ್ತು.